ಹಿಡಿಕೆ ಇಲ್ಲದ ಕೋಟು

ಫೆಬ್ರವರಿ 4

ದೊಡ್ಡಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಚೆನ್ನಾಗಿದ್ದೇನೆ. ಈ ಮಾತು ಮೊದಲ ಸಾಲಿನಲ್ಲಿ ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದಿಲ್ಲ, ಕನ್ನಡಕ ತೆಗೆದಿಟ್ಟು ಅಳುವುದಕ್ಕೆ ಶುರುಮಾಡುತ್ತೀಯ. ಹಾಸ್ಟೆಲ್ಲಿನ ಊಟ ಪರವಾಗಿಲ್ಲ. ಕೋಣೆಯ ಗೆಳತಿ, ಅದೇ ಆ ನರ್ಸ್, ಗೊರಕೆ ಹೊಡೆಯುತ್ತಾಳೆ ಅನ್ನುವುದು ಬಿಟ್ಟರೆ ನನ್ನದೇನೂ ದೂರಿಲ್ಲ. ಹಣೆಯ ಮೇಲೆ ಒಂದು ಸಣ್ಣ ಗೀರು ಇದೆ, ಬೀರುವಿನ ಬಾಗಿಲು ತಾಗಿದ್ದು. ಯಾವುದಾದರೂ ಫೋಟೋದಲ್ಲಿ ಕಂಡು ಗಾಬರಿಯಾಗಬೇಡ ಅಂತ ಬರೆದೆ, ಅಷ್ಟೇ.

ಫೋನು ಮಾಡು ಅಂತ ಮತ್ತೆ ಬರೆದಿದ್ದೀಯ. ಹುಟ್ಟಿದಾಗಿನಿಂದ ನನ್ನ ಕೈಕಾಲೂ ನಾಲಿಗೆಯೂ ನಾನು ಹೇಳಿದ್ದನ್ನು ಕೇಳುವುದಿಲ್ಲ, ಈಗ ನಿನ್ನ ಕಿವಿಯೂ ಕೇಳುವುದಿಲ್ಲ. ಹೋದ ಸಲ ನಾನು ‘ಪರೀಕ್ಷೆ ಪಾಸಾಯಿತು’ ಅಂದದ್ದಕ್ಕೆ ನೀನು ‘ಅಯ್ಯೋ, ಯಾವ ಆಸ್ಪತ್ರೆ?’ ಅಂದೆ. ನಮ್ಮಿಬ್ಬರ ಮಾತಿನಿಂದ ಫೋನಿನ ಕಂಪನಿಗೆ ಮಾತ್ರ ಲಾಭ. ಹೀಗೆ ಒಂದೇ ಬೆರಳಿನಿಂದ ಕುಟ್ಟಿ ಪ್ರಿಂಟು ತೆಗೆದು ಕಳಿಸುವುದೇ ಒಳ್ಳೆಯದು.

ಈಗ ವಿಷಯ. ಸಾರ್ವಜನಿಕ ಕಟ್ಟಡಗಳಿಗೆಲ್ಲ ಇಳಿಜಾರು ದಾರಿ, ಲಿಫ್ಟು ಕಡ್ಡಾಯ ಮಾಡಬೇಕು ಅಂತ ನಮ್ಮ ಅಂಗವಿಕಲರ ಸಂಘ ಕೊಟ್ಟ ಬೇಡಿಕೆ ಕೊನೆಗೂ ನಗರಸಭೆಯ ಮುಂದೆ ಬಂದಿದೆ. ಮಾರ್ಚ್ 22ಕ್ಕೆ ಜನರ ಅಭಿಪ್ರಾಯ ಕೇಳುತ್ತಾರೆ. ಸಂಘದ ಪರವಾಗಿ ಮಾತಾಡುವವಳು ನಾನು. ತಮಾಷೆ ಏನೆಂದರೆ ಸಭಾಂಗಣ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ, ಅದರೊಳಗೆ ಪೊರಕೆ, ಬಕೆಟ್ಟು ಇಟ್ಟಿದ್ದಾರೆ.

ನಾನು ಸೇರಿರುವ ಪಕ್ಷದ ಯುವ ಘಟಕದ ಕಾರ್ಯದರ್ಶಿ ‘ಅದೊಂದು ಸಮಸ್ಯೇನಾ, ನಾಲ್ಕು ಜನ ಎತ್ಕೊಂಡು ಹೋಗ್ತೀವಿ’ ಅಂದ. ಅಲ್ಲೇ ನನ್ನ ತಕರಾರು. ಹೋದ ತಿಂಗಳ ಪಕ್ಷದ ಸಭೆಯಲ್ಲೂ ಇವನು ಹೀಗೇ ಮಾಡಿದ. ನಾನು ಕೆಳಗೆ ಗಾಲಿಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದೆ. ನೀನು ನನ್ನ ಅಂಗಿಯ ಹೆಗಲಿಗೆ, ಸೊಂಟಕ್ಕೆ ಹೊಲಿದಿರುವ ಹಿಡಿಕೆಗಳನ್ನು ಅವನ ಹುಡುಗರು ಹಿಡಿದರು, ಮರುಕ್ಷಣ ನಾನು ವೇದಿಕೆಯ ಮೇಲಿದ್ದೆ. ಕ್ಯಾಮೆರಾಗಳು ಫಳಫಳ ಅಂದವು. ಬಾಯಲ್ಲಿ ಬಿಸ್ಕತ್ತು ಹಾಗೇ ಇತ್ತು. ಎತ್ತಲಾ ಅಂತ ಒಬ್ಬರೂ ಕೇಳಲಿಲ್ಲ.

ಅದಕ್ಕೇ ಈ ಸಲ ನಾವು ಮೇಲೆ ಹೋಗುವುದೇ ಇಲ್ಲ. ಸಂಘದ ಅಧ್ಯಕ್ಷರು, ಕಣ್ಣು ಕಾಣದ ವಕೀಲಮ್ಮ, ನಿನಗೆ ಬರೆದಿದ್ದೆನಲ್ಲ, ಅವರು ಮತ್ತು ನಾನು ಮಾತಾಡಿಕೊಂಡಿದ್ದೇವೆ. ಮೆಟ್ಟಿಲ ಬುಡದಲ್ಲಿ ಕೂರುತ್ತೇವೆ. ಸಭೆಯೇ ಕೆಳಗೆ ಬಂದು ಕೇಳಲಿ. ಕಾರ್ಯದರ್ಶಿಗೆ ಇದನ್ನು ಇನ್ನೂ ಹೇಳಿಲ್ಲ.

ಆ ದಿನಕ್ಕೆ ನನಗೊಂದು ಹೊಸ ಕೋಟು ಹೊಲಿದು ಕೊಡು. ಕಡುನೀಲಿ. ಮುಂದೆ ಗುಂಡಿ ಬೇಡ, ಎಂದಿನಂತೆ ಅಂಟುಪಟ್ಟಿ ಇರಲಿ, ನಾನೇ ಹಾಕಿಕೊಳ್ಳಬೇಕು. ಮತ್ತೆ ದೊಡ್ಡಮ್ಮಾ, ಹಿಡಿಕೆ ಬೇಡ. ಒಂದೂ ಬೇಡ.

ನಿನ್ನ
ಗುಂಡುಸೂಜಿ

ಫೆಬ್ರವರಿ 15

ನನ್ನ ಗುಂಡುಸೂಜಿಗೆ,

ನಿನ್ನ ಕಾಗದ ಓದಿ ನಾಲ್ಕು ದಿನ ಮಿಷನ್ನಿನ ಮೇಲೆ ಕೈ ಓಡಲಿಲ್ಲ. ಒಬ್ಬರ ಬ್ಲೌಸಿನ ತೋಳನ್ನು ಇನ್ನೊಬ್ಬರದಕ್ಕೆ ಹೊಲಿದೆ. ಅವರು ಒಳ್ಳೆಯವರು, ನಕ್ಕರು. ಇರಲಿ.

ರಾಜಕೀಯ ಬೇಡ ಅಂತ ನಾನು ಹೇಳಿದರೆ ನೀನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ. ಆದರೆ ಹಿಡಿಕೆಯ ಮಾತು ಬೇರೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಜವಾನ ನಿನ್ನನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ನೀನು ಒಮ್ಮೆ ಸೆಟೆದುಕೊಂಡೆ, ಅವನ ಕೈಯಿಂದ ಜಾರಿದೆ. ಅವನದೇನೂ ತಪ್ಪಿಲ್ಲ ಪಾಪ, ಹಿಡಿಯಲು ಏನಿತ್ತು? ರಕ್ತ ತುಂಬಿದ ಬಾಯಲ್ಲಿ ಮುರಿದ ಹಲ್ಲು ಹಿಡಿದುಕೊಂಡು ಮನೆಗೆ ಬಂದೆ. ನಿನ್ನಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವಳು ನನ್ನ ಕೈಗೆ ಕೊಟ್ಟು ಹೋದ ಮಗುವನ್ನು ಮೆಟ್ಟಿಲ ಮೇಲೆ ಚೆಲ್ಲಿಕೊಂಡೆನಲ್ಲ ಅಂತ ನನ್ನ ಹೊಟ್ಟೆ ಉರಿದುಹೋಯಿತು. ಆವತ್ತು ಸಂಜೆಯೇ ಬ್ಯಾಗಿಗೆ ಹಾಕುವ ಗಟ್ಟಿಪಟ್ಟಿ ತಂದು ನಿನ್ನ ಅಂಗಿಗೆಲ್ಲ ಹಿಡಿಕೆ ಹೊಲಿದೆ. ಅಲ್ಲಿಂದ ಇಲ್ಲಿಯವರೆಗೆ ನೀನು ಒಂದು ಸಲವೂ ಬಿದ್ದಿಲ್ಲ.

ಹಣೆಯ ಗೀರು ಬೀರುವಿನ ಬಾಗಿಲಿನದು ಅಂತೀಯ. ಹಾಸ್ಟೆಲ್ಲಿನ ಬೀರು ನಿನ್ನ ಮಂಚದ ತಲೆಯ ಹಿಂದಿದೆ ಅಂತ ಹೋದ ವರ್ಷ ನೀನೇ ಬರೆದಿದ್ದೆ. ಹಣೆಗೆ ಹೇಗೆ ತಾಗಿತು?

ಅಳತೆ ಕಳಿಸು. ನರ್ಸಿನ ಕೈಯಲ್ಲಿ ತೆಗೆಸು, ನೀನೇ ಟೇಪು ಹಿಡಿದರೆ ಎರಡು ಅಳತೆ ಬರುತ್ತದೆ. ಹೆಗಲಿನದು ಸರಿಯಾಗಿರಲಿ.

ನಿನ್ನ
ದೊಡ್ಡಮ್ಮ

ಫೆಬ್ರವರಿ 24

ದೊಡ್ಡಮ್ಮಾ,

ಅಳತೆ ಬೇರೆ ಹಾಳೆಯಲ್ಲಿದೆ. ಬೀರುವನ್ನು ಜರುಗಿಸಿದ್ದೇವೆ, ಅದಕ್ಕೇ ತಾಗಿತು. ನೀನು ಪೊಲೀಸ್ ಆಗಬೇಕಿತ್ತು.

ಹಿಡಿಕೆಯಿಂದ ನನಗೆ ಎಷ್ಟು ಉಪಕಾರವಾಗಿದೆ ಅಂತ ನನಗೆ ಗೊತ್ತಿಲ್ಲವಾ? ಆದರೆ ಹಿಡಿಕೆ ಕಂಡರೆ ಸಾಕು, ಜನರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಪಾತ್ರೆಯನ್ನು ಯಾರಾದರೂ ಕೇಳಿ ಎತ್ತುತ್ತಾರಾ?

ಮೆಟ್ಟಿಲ ಬುಡದಲ್ಲಿ ಕೂರುವ ಮಾತನ್ನು ಕಾರ್ಯದರ್ಶಿಗೆ ಹೇಳಿದೆವು. ಅವನ ಮುಖ ಸಣ್ಣಗಾಯಿತು. ‘ಕೆಳಗೆ ಕೂತ್ರೆ ಯಾರು ನೋಡ್ತಾರೆ? ಮೇಲೆ ಬಂದ್ರೆ ಅದೊಂದು ದೃಶ್ಯ’ ಅಂದ. ಆಮೇಲೆ, ‘ನಿನ್ನ ಮಾತು ಎಲ್ಲರಿಗೂ ಅರ್ಥ ಆಗಲ್ಲ, ನಾನು ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಹೇಳ್ತೀನಿ’ ಅಂದ. ನಾನು ಬೇಡ ಅಂದೆ. ನಿಧಾನಕ್ಕೆ ಹೇಳಿದರೆ, ಎರಡು ಸಲ ಹೇಳಿದರೆ, ಕೇಳುವ ಮನಸ್ಸಿರುವವರಿಗೆ ನನ್ನ ಮಾತು ಅರ್ಥವಾಗುತ್ತದೆ. ದಿನಾ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನನಗಿರುವುದೂ ಬಾಯೇ, ಸ್ವಲ್ಪ ಜೊಲ್ಲು ಜಾಸ್ತಿ ಅಷ್ಟೇ.

ಅವನನ್ನು ಪೂರ್ತಿ ದೂರ ಮಾಡುವ ಹಾಗೂ ಇಲ್ಲ. ಸಂಘದಿಂದ ಅರ್ಜಿ ಕೊಡಬಹುದು, ಓಟು ಹಾಕಿಸುವುದು ಪಕ್ಷದಿಂದಲೇ ಆಗಬೇಕು. ಅದಕ್ಕೇ ತಾನೇ ನಾನು ಪಕ್ಷ ಸೇರಿದ್ದು. ಈಚೆಗೆ ಯಾಕೋ ಅನ್ನ ಸೇರುವುದಿಲ್ಲ.

ಕೋಟು ಬೇಗ ಕಳಿಸು.

ಗುಂಡುಸೂಜಿ

ಮಾರ್ಚ್ 6

ನನ್ನ ಗುಂಡುಸೂಜಿಗೆ,

ಕೋಟು ಕಳಿಸಿದ್ದೇನೆ. ನಲವತ್ತು ವರ್ಷದ ಕಸುಬಿನಲ್ಲಿ ಇಷ್ಟು ಜತನದಿಂದ ಯಾವುದನ್ನೂ ಹೊಲಿದಿಲ್ಲ. ನೀನು ಹೇಳಿದ ಹಾಗೇ ಕಡುನೀಲಿ, ಅಂಟುಪಟ್ಟಿ. ನೋಡಿದವರ ಕಣ್ಣಿಗೆ ಒಂದು ಹಿಡಿಕೆಯೂ ಕಾಣುವುದಿಲ್ಲ. ಲೈನಿಂಗ್ ಸ್ವಲ್ಪ ದಪ್ಪನೆಯದು ಹಾಕಿದ್ದೇನೆ, ಕಲ್ಲಿನ ಕಟ್ಟಡ ಅಂತೀಯ, ಥಂಡಿ ಇರುತ್ತದೆ. ಒಗೆಯುವುದಾದರೆ ಹಿಂಡಬೇಡ.

ಇನ್ನೊಂದು ಸುದ್ದಿ. ನಿನ್ನ ಕಾರ್ಯದರ್ಶಿ ಇಲ್ಲಿ ಪಕ್ಷದ ಯಾವುದೋ ಸಭೆಗೆ ಬಂದವನು ನನ್ನ ಹೊಲಿಗೆ ಅಂಗಡಿ ಹುಡುಕಿಕೊಂಡು ಬಂದಿದ್ದ. ನೀನು ಬರೆದದ್ದು ಓದಿ ನಾನು ಯಾವನೋ ದೊಡ್ಡ ಪುಢಾರಿ ಅಂದುಕೊಂಡಿದ್ದೆ. ಎಷ್ಟು ವಿನಯ! ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬಟ್ಟೆಯ ರಾಶಿ ಸರಿಸಿ ಸ್ಟೂಲಿನ ಮೇಲೆ ಕೂತ. ಕಿವಿ ಕೇಳುವುದಿಲ್ಲ ಅಂದೆ, ಎದುರು ಕೂತು ತುಟಿ ಬಿಡಿಸಿ ಬಿಡಿಸಿ ಮಾತಾಡಿದ. ‘ನಿಮ್ಮ ಮಗಳು ನಮ್ಮ ಪಕ್ಷದ ಆಸ್ತಿ ಅಮ್ಮಾ’ ಅಂದ. ನಿಮ್ಮ ಮಗಳು ಅಂದ, ನಾನು ತಿದ್ದಲಿಲ್ಲ. ನಿನ್ನನ್ನು ಕಂಡರೆ ಅವನಿಗೆ ನಿಜವಾದ ಕಾಳಜಿ ಇದೆ. ಅವನೇನೋ ಕೇಳಿದ, ನಾನೇನೋ ಹೇಳಿದೆ, ಹೀಗೇ ನಮ್ಮ ನಮ್ಮ ಮಾತು. ಟೀ ಕುಡಿದು ಹೋದ.

ನೀನು ಒಬ್ಬಳೇ ಇದ್ದೀಯ ಅನ್ನುವ ಭಯ ಆವತ್ತು ಸ್ವಲ್ಪ ಕಡಿಮೆಯಾಯಿತು. ಇರಲಿ. ಅನ್ನ ಇಳಿಯದಿದ್ದರೆ ಗಂಜಿಯನ್ನಾದರೂ ಕುಡಿ.

ನಿನ್ನ
ದೊಡ್ಡಮ್ಮ

ಮಾರ್ಚ್ 13

ದೊಡ್ಡಮ್ಮಾ,

ಕೋಟು ಬಂತು. ಹಾಕಿಕೊಂಡು ಕನ್ನಡಿಯ ಮುಂದೆ ಹೋದೆ, ನನ್ನ ಗುರುತು ನನಗೇ ಸಿಗಲಿಲ್ಲ. ಬೆನ್ನು ನೆಟ್ಟಗೆ ಕಾಣುತ್ತದೆ. ರಾಜಕೀಯದವರೆಲ್ಲ ಕುರ್ಚಿಗಾಗಿ ಹೊಡೆದಾಡುತ್ತಾರೆ, ಇವಳು ಮಾತ್ರ ಕುರ್ಚಿ ಸಮೇತ ಹುಟ್ಟಿದ ಮಂತ್ರಿಯ ಹಾಗಿದ್ದಾಳೆ ಅಂದಳು ನರ್ಸ್. ಹೆಗಲ ಹತ್ತಿರ ಸ್ವಲ್ಪ ಭಾರ ಅನ್ನಿಸುತ್ತದೆ, ದಪ್ಪ ಲೈನಿಂಗ್ ಇರಬೇಕು. ಕಾಲರಿನ ಕೆಳಗೆ ಎರಡೂ ಕಡೆ ಲೈನಿಂಗ್ ಬಾಯಿ ಬಿಟ್ಟಿದೆ, ಹೊಲಿದುಬಿಡಲಾ ಅಂತ ನರ್ಸ್ ಸೂಜಿ ತೆಗೆದಳು. ‘ಮುಟ್ಟಬೇಡ, ನಮ್ಮ ದೊಡ್ಡಮ್ಮ ಹೊಲಿಗೆ ಮರೆಯೋಳಲ್ಲ, ಗಾಳಿ ಆಡ್ಲಿ ಅಂತ ಬಿಟ್ಟಿರ್ತಾಳೆ’ ಅಂದೆ. ನಿನ್ನ ಕೆಲಸದ ಮೇಲೆ ಬೇರೆಯವರ ಸೂಜಿ ಆಡುವುದು ನನಗೆ ಇಷ್ಟವಾಗಲಿಲ್ಲ.

ಆದರೆ ಕಾರ್ಯದರ್ಶಿ ಬಂದಿದ್ದ ವಿಷಯ ಓದಿ ಸಮಾಧಾನವಿಲ್ಲ. ಅವನು ನನಗೆ ಹೇಳಲೇ ಇಲ್ಲ. ಮೊನ್ನೆ ಸಿಕ್ಕಾಗ ನಗುತ್ತಾ, ‘ನೀವು ಎಲ್ಲಿ ಕೂರ್ತೀರೋ ಅಲ್ಲೇ ಕೂತ್ಕೊಳ್ಳಿ, ನನ್ನದೇನೂ ಅಭ್ಯಂತರ ಇಲ್ಲ’ ಅಂದ. ಅಷ್ಟು ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ ಅವನು. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ನೀನೇ ಗಿರಾಕಿಗಳ ಬಗ್ಗೆ ಹೇಳುತ್ತಿದ್ದೆಯಲ್ಲ.

ಅವನು ಏನು ಕೇಳಿದ? ನೀನು ಏನು ಹೇಳಿದೆ? ದಯವಿಟ್ಟು ಅದೊಂದನ್ನು ಸರಿಯಾಗಿ ಬರೆ. 22ರೊಳಗೆ ನನಗೆ ಗೊತ್ತಾಗಬೇಕು.

ಗುಂಡುಸೂಜಿ

ಮಾರ್ಚ್ 18

ನನ್ನ ಗುಂಡುಸೂಜಿಗೆ,

ಕೋಟು ಸರಿಯಾಯಿತಲ್ಲ, ಅಷ್ಟು ಸಾಕು ನನಗೆ. ಬಾಯಿ ಬಿಟ್ಟದ್ದನ್ನು ಹಾಗೇ ಬಿಡು, ನೀನು ಹೇಳಿದ್ದು ಸರಿ, ಗಾಳಿ ಆಡುತ್ತದೆ.

ಆ ಹುಡುಗ ಏನು ಕೇಳಿದ ಅಂತ ಕೇಳಿದ್ದೀಯ. ನಿನಗೆ ಇಷ್ಟವಾದ ತಿಂಡಿ ಯಾವುದು ಅಂತ ಕೇಳಿದ. ಚಿಕ್ಕಂದಿನಲ್ಲಿ ಹೇಗಿದ್ದಳು ಅಂತ ಕೇಳಿದ. ಇನ್ನೂ ಒಂದೆರಡು ಕೇಳಿರಬೇಕು, ವಯಸ್ಸಾಯಿತು, ಎಲ್ಲ ಎಲ್ಲಿ ನೆನಪಿರುತ್ತದೆ? ಎಲ್ಲರನ್ನೂ ಅನುಮಾನದ ಕಣ್ಣಿಂದ ನೋಡಬಾರದು. ನಿನ್ನ ಒಳ್ಳೆಯದಕ್ಕೆ ನಾಲ್ಕು ಜನ ಇದ್ದಾರೆ ಅಂದರೆ ಖುಷಿಪಡಬೇಕು.

ಆವತ್ತು ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಡ, ಗಾಬರಿಯಲ್ಲಿ ವಾಂತಿಯಾಗುತ್ತದೆ ನಿನಗೆ. ಕುರ್ಚಿಯ ಬ್ರೇಕು ನೋಡಿಕೊ. ಕಾಲುಚೀಲ ಹಾಕಿಕೊ. ಮಾತಾಡುವಾಗ ಜೋಶಿನಲ್ಲಿ ಮುಂದಕ್ಕೆ ಬಾಗಬೇಡ, ಜಾರುತ್ತೀಯ. ನನಗೆ ನಿದ್ದೆ ಬಂದರೆ ಕೇಳು.

ನಿನ್ನ
ದೊಡ್ಡಮ್ಮ

ಮಾರ್ಚ್ 25

ನನ್ನ ಬಂಗಾರಕ್ಕೆ,

ಪೇಪರಿನಲ್ಲಿ ನೀನು ಬಂದಿದ್ದೀಯ. ಪಕ್ಕದ ಔಷಧಿ ಅಂಗಡಿಯವರು ಓಡಿಬಂದು ತೋರಿಸಿದರು. ಮೂರು ಪ್ರತಿ ತಂದು ಒಂದನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ, ಬಂದ ಗಿರಾಕಿಗಳೆಲ್ಲ ಕೇಳುತ್ತಾರೆ. ‘ಮೆಟ್ಟಿಲು ಗೆದ್ದ ಛಲಗಾತಿ, ನೆರವಾದ ಎಲ್ಲರಿಗೂ ಧನ್ಯವಾದ ಅರ್ಪಣೆ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಕೆಳಗೆ ಕೂರುತ್ತೇನೆ ಅಂದವಳು ಮನಸ್ಸು ಬದಲಾಯಿಸಿದೆ ಅಂತ ಕಾಣುತ್ತದೆ, ಒಳ್ಳೆಯದೇ ಆಯಿತು.

ಈಗ ಹೇಳಿದರೆ ಬೈಯಬೇಡ, ಗೆದ್ದ ಮೇಲೆ ಬೈಯಬಾರದು. ಕೋಟಿನ ಒಳಗೆ ಹಿಡಿಕೆ ಹಾಕಿದ್ದೆ. ಬೆನ್ನು ಸುತ್ತಿ ಬರುವ ಹಾಗೆ ಗಟ್ಟಿಪಟ್ಟಿ ಹೊಲಿದು ಲೈನಿಂಗ್ ಮುಚ್ಚಿದ್ದೆ. ಕಾಲರಿನ ಕೆಳಗೆ ಬಾಯಿ ಬಿಟ್ಟದ್ದು ಅದಕ್ಕೇ, ಕೈ ತೂರಲಿ ಅಂತ. ನೀನು ಬೇಡ ಅಂದಾಗ ಹೂಂ ಅಂದೆ, ಆದರೆ ಕತ್ತರಿ ಹಿಡಿದರೆ ಆ ಶಾಲೆಯ ಮೆಟ್ಟಿಲೇ ಕಣ್ಣಮುಂದೆ ಬರುತ್ತಿತ್ತು. ಕಾರ್ಯದರ್ಶಿಗೆ ಹೇಳಿಟ್ಟಿದ್ದೆ, ಬಿದ್ದರೆ ಗಿದ್ದರೆ ಹಿಡಿದುಕೊ ತಮ್ಮಾ, ಕಾಲರಿನ ಕೆಳಗೆ ಕೈ ಹಾಕು ಅಂತ. ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ ನೋಡು. ನಾನು ಭೂತಗನ್ನಡಿ ಹಿಡಿದು ಫೋಟೋ ನೋಡಿದೆ. ಅಷ್ಟು ಎತ್ತರದಲ್ಲಿ, ಅಷ್ಟು ಎಳೆದಾಟದಲ್ಲಿ, ಒಂದು ಹೊಲಿಗೆಯೂ ಬಿಟ್ಟಿಲ್ಲ.

ಫೋಟೋದಲ್ಲಿ ಮುಖ ಯಾಕೆ ಆ ಕಡೆ ತಿರುಗಿಸಿದ್ದೀಯ? ಬೆಳಕು ಕಣ್ಣಿಗೆ ಹೊಡೆಯಿತಾ?

ಬೇಗ ಬರೆ. ನಿನ್ನ ಮಾತಿನಲ್ಲೇ ಎಲ್ಲ ಓದಬೇಕು.

ದೊಡ್ಡಮ್ಮ

ಏಪ್ರಿಲ್ 2

ಗುಂಡುಸೂಜಿ,

ಕಾಗದ ಬರಲಿಲ್ಲ. ಅಂಚೆಯವನನ್ನು ದಿನಾ ಕೇಳುತ್ತೇನೆ, ಅವನು ಈಗ ನಮ್ಮ ಅಂಗಡಿ ಬಂದರೆ ಸೈಕಲ್ಲು ಜೋರಾಗಿ ತುಳಿಯುತ್ತಾನೆ. ಕಾರ್ಯಕ್ರಮ ಮುಗಿದು ಸುಸ್ತಾಗಿದ್ದೀಯೇನೋ.

ತಾಳಲಾರದೆ ಔಷಧಿ ಅಂಗಡಿಯವರ ಕೈಯಲ್ಲಿ ಹಾಸ್ಟೆಲ್ಲಿಗೆ ಫೋನು ಮಾಡಿಸಿದೆ. ನರ್ಸ್ ಸಿಕ್ಕಳು. ‘ಚೆನ್ನಾಗಿದ್ದಾಳೆ, ಆದ್ರೆ ಈಗ ಯಾರ ಹತ್ರನೂ ಮಾತಾಡಲ್ವಂತೆ’ ಅಂದಳಂತೆ. ಆಮೇಲೆ, ‘ಹಣೆ ಹೊಲಿಗೆ ಎಲ್ಲ ವಾಸಿಯಾಗಿದೆ’ ಅಂದಳಂತೆ. ಗೀರು ಅಂದಿದ್ದೆ ನೀನು. ಹೊಲಿಗೆ ಯಾವಾಗ ಹಾಕಿದರು?

ಕೋಟಿನ ವಿಷಯಕ್ಕೆ ಕೋಪವಾ? ಆದರೆ ನೀನು ಬೀಳಲಿಲ್ಲವಲ್ಲ.

ದೊಡ್ಡಮ್ಮ

ಏಪ್ರಿಲ್ 9

ಒಂದು ಸಾಲು ಬರೆ. ಬೈದಾದರೂ ಬರೆ. ಪೇಪರನ್ನು ಗೋಡೆಯಿಂದ ತೆಗೆದಿದ್ದೇನೆ.

ದೊಡ್ಡಮ್ಮ

ಏಪ್ರಿಲ್ 14

ದೊಡ್ಡಮ್ಮಾ,

ಚೆನ್ನಾಗಿಲ್ಲ. ಈ ಸಲ ಮೊದಲ ಸಾಲಿನಲ್ಲಿ ನಿಜವನ್ನೇ ಬರೆಯುತ್ತಿದ್ದೇನೆ.

ಹಣೆಯದು ಬೀರು ಅಲ್ಲ. ಜನವರಿಯಲ್ಲಿ ಬಚ್ಚಲಲ್ಲಿ ಬಿದ್ದೆ. ಹಿಡಿಕೆ ಇರುವ ಅಂಗಿಯನ್ನೇ ಹಾಕಿಕೊಂಡಿದ್ದೆ, ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಹೇಳಿದರೆ ಊರಿಗೆ ವಾಪಸ್ಸು ಬಾ ಅಂತೀಯ ಅಂತ ಮುಚ್ಚಿಟ್ಟೆ.

ಈಗ 22ರ ವಿಷಯ. ನಾವು ಮೆಟ್ಟಿಲ ಬುಡದಲ್ಲೇ ಕೂತಿದ್ದೆವು. ವಕೀಲಮ್ಮ, ನಾನು, ಸಂಘದವರು. ಕೆಳಗೆ ಬನ್ನಿ ಅಂತ ನಗರಸಭೆಯ ಅಧ್ಯಕ್ಷೆಗೆ ಹೇಳಿ ಕಳಿಸಿದ್ದೆವು. ಬರುವ ಹಾಗೂ ಇತ್ತು, ಗುಮಾಸ್ತರು ಮೈಕಿನ ತಂತಿ ಎಲ್ಲಿಯವರೆಗೆ ಬರುತ್ತದೆ ಅಂತ ನೋಡುತ್ತಿದ್ದರು. ಅಷ್ಟರಲ್ಲಿ ಕಾರ್ಯದರ್ಶಿಯೂ ಅವನ ಹುಡುಗರೂ ಬಂದರು, ಹಿಂದೆ ಕ್ಯಾಮೆರಾದವರು. ನಾನು ನಗುತ್ತಾ ಕೂತಿದ್ದೆ ದೊಡ್ಡಮ್ಮಾ. ಈ ಕೋಟಿಗೆ ಹಿಡಿಕೆ ಇಲ್ಲ, ಏನು ಮಾಡುತ್ತಾರೆ ನೋಡೋಣ ಅಂದುಕೊಂಡಿದ್ದೆ. ಅವನು ನೇರವಾಗಿ ನನ್ನ ಕಾಲರಿನ ಕೆಳಗೆ ಕೈ ಹಾಕಿದ. ಹುಡುಕಲೂ ಇಲ್ಲ. ನನ್ನ ಮೈಮೇಲೆ ಇದ್ದದ್ದು ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಬೇಡ, ಇಳಿಸಿ ಅಂತ ಕೂಗಿದೆ. ಕೂಗಿದರೆ ನನ್ನ ಮಾತು ಇನ್ನೂ ಕೆಡುತ್ತದೆ, ನಿನಗೆ ಗೊತ್ತಲ್ಲ. ಜನ ಚಪ್ಪಾಳೆ ತಟ್ಟಿದರು. ವಕೀಲಮ್ಮ ಕೆಳಗಿನಿಂದ ‘ಯಾರು ಎತ್ತಿದ್ದು, ಅವಳನ್ನ ಕೇಳಿದ್ರಾ?’ ಅಂತ ಕಿರುಚುತ್ತಲೇ ಇದ್ದರು. ಮೇಲೆ ಮೈಕಿನ ಮುಂದೆ ಕೂರಿಸಿದರು. ನಾನು ಹೇಳಿದ್ದು ಇಷ್ಟೇ: ‘ನಾನಾಗಿ ಬಂದಿಲ್ಲ, ನನ್ನನ್ನ ತಂದಿದ್ದಾರೆ. ತಂದಿಟ್ಟ ಸಾಮಾನು ಮಾತಾಡಲ್ಲ. ಕೆಳಗೆ ಬಿಡಿ, ಅಲ್ಲಿ ಮಾತಾಡ್ತೀನಿ.’ ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿ ಮೈಕು ತನ್ನ ಕಡೆ ಎಳೆದುಕೊಂಡು, ‘ತುಂಬಾ ಭಾವುಕಳಾಗಿದ್ದಾಳೆ, ಎಲ್ಲರಿಗೂ ಧನ್ಯವಾದ ಹೇಳ್ತಿದ್ದಾಳೆ’ ಅಂದ. ನೀನು ಗೋಡೆಗೆ ಅಂಟಿಸಿದ ಧನ್ಯವಾದ ಅದೇ. ಅದು ನನ್ನದಲ್ಲ. ಮುಖ ತಿರುಗಿಸಿದ್ದು ಬೆಳಕಿಗಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಮೀಸೆಯ ಸದಸ್ಯರೊಬ್ಬರು ಎದ್ದು ನಿಂತು, ‘ಈ ಮಗು ಆರಾಮಾಗಿ ಮೇಲೆ ಬಂತಲ್ಲ, ಎತ್ತೋಕೆ ಇಷ್ಟು ಒಳ್ಳೆ ಹುಡುಗರಿದ್ದಾರೆ, ಇದಕ್ಕೆ ಲಿಫ್ಟು ಯಾಕೆ ದುಡ್ಡು ದಂಡ?’ ಅಂದರು. ಅದಕ್ಕೂ ಚಪ್ಪಾಳೆ. ವಿಷಯವನ್ನು ಮೇ 10ಕ್ಕೆ ಮುಂದೂಡಿದರು. ನಮ್ಮ ಬೇಡಿಕೆಗೆ ವಿರುದ್ಧವಾಗಿ ಅವತ್ತು ಸಿಕ್ಕ ಸಾಕ್ಷಿ ನಿನ್ನ ಗಟ್ಟಿ ಹೊಲಿಗೆ ದೊಡ್ಡಮ್ಮಾ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎಲ್ಲರನ್ನೂ ಅನುಮಾನಿಸಿದೆ, ನನ್ನ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ನಿನ್ನ ಕೆಲಸ ಅಂತ ನರ್ಸಿಗೂ ಮುಟ್ಟಗೊಡಲಿಲ್ಲ.

ಪಕ್ಷ ಬಿಟ್ಟಿದ್ದೇನೆ. ಸಂಘ ಬಿಟ್ಟಿಲ್ಲ. ಕೋಟು ವಾಪಸ್ಸು ಕಳಿಸುತ್ತಿದ್ದೇನೆ.

(ಸಹಿ ಹಾಕಲು ಇವತ್ತು ಮನಸ್ಸಿಲ್ಲ.)

ಏಪ್ರಿಲ್ 22

ನನ್ನ ಗುಂಡುಸೂಜಿಗೆ,

ನಿನ್ನ ಕಾಗದವನ್ನು ಅಂಗಡಿಯ ಬಾಗಿಲು ಹಾಕಿಕೊಂಡು ಓದಿದೆ. ಆಮೇಲೆ ಕೋಟಿನ ಕಟ್ಟು ಬಂತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆ. ಅತ್ತದ್ದು ನಿನಗೆ ಗೊತ್ತಾಗಲಿ ಅಂತ ಬರೆಯುತ್ತಿಲ್ಲ, ಬರೆಯದಿದ್ದರೆ ಮತ್ತೊಂದು ಮುಚ್ಚಿಟ್ಟ ಹಾಗಾಗುತ್ತದೆ.

ಆ ಹುಡುಗ ಕೇಳಿದ್ದು ತಿಂಡಿಯಲ್ಲ. ‘ಅಮ್ಮಾ, ಆವತ್ತು ಮೆಟ್ಟಿಲ ಹತ್ರ ನೂಕುನುಗ್ಗಲಿರುತ್ತೆ, ಅವಳು ಜಾರಿದ್ರೆ ಎಲ್ಲಿ ಹಿಡೀಲಿ?’ ಅಂತ ಕೇಳಿದ. ಆ ಒಂದು ಮಾತಿಗೆ ನಾನು ಕರಗಿ ನೀರಾದೆ. ನನ್ನ ಭಯ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವನಿಗೆ ಬೇಕಾದದ್ದು ಅದೇ ಇತ್ತು ಅಂತ ನನಗೆ ಹೊಳೆಯಲಿಲ್ಲ. ನೀನು ಕೇಳಿ ಬರೆದಾಗಲಾದರೂ ಹೇಳಿದ್ದರೆ ಆ ಬಾಯಿ ಮುಚ್ಚುವುದು ನರ್ಸಿನ ಸೂಜಿಗೆ ಎರಡು ನಿಮಿಷದ ಕೆಲಸ. ಹೇಳಿದರೆ ನೀನು ಬಿಚ್ಚಿಸುತ್ತೀಯ ಅಂತಲೇ ಹೇಳಲಿಲ್ಲ. ಅವನಿಗಿಂತ ನನ್ನ ಮೇಲೆಯೇ ನನಗೆ ಸಿಟ್ಟು.

ಕೋಟು ಬಿಚ್ಚಿದ್ದೇನೆ. ಎರಡೆರಡು ಸಲ ಹೊಲಿದದ್ದು, ಬ್ಲೇಡಿಗೂ ಜಗ್ಗಲಿಲ್ಲ, ಉಗುರು ಕಿತ್ತುಹೋಯಿತು. ಪಟ್ಟಿಯನ್ನು ಪೂರ್ತಿ ತೆಗೆದಿದ್ದೇನೆ. ಆದರೆ ತೆಗೆದಿದ್ದೇನೆ ಅಂತ ನಾನು ಹೇಳಿದರೆ ನೀನು ಯಾಕೆ ನಂಬಬೇಕು? ಅದಕ್ಕೇ ಲೈನಿಂಗಿನ ಕೆಳಗಿನ ಅಂಚನ್ನು ಹೊಲಿಯದೆ ಹಾಗೇ ಬಿಟ್ಟಿದ್ದೇನೆ. ಮೊಣಕೈವರೆಗೂ ಕೈ ಹಾಕಿ ನೋಡಿಕೊ. ಬೆನ್ನು, ಹೆಗಲು, ಕಂಕುಳು, ಎಲ್ಲ ಕಡೆ. ನೋಡಿಯಾದ ಮೇಲೆ ನರ್ಸಿನ ಕೈಯಲ್ಲಿ ಹೊಲಿಸಿಕೊ. ಈ ಸಲ ನನ್ನ ಕೆಲಸದ ಮೇಲೆ ಬೇರೆಯವರ ಸೂಜಿ ಆಡಲಿ.

ಭಯ ಹೋಗಿಲ್ಲ. ಹೋಗಿದೆ ಅಂದರೆ ಸುಳ್ಳು. ಬಚ್ಚಲ ವಿಷಯ ಓದಿದ ಮೇಲೆ ಕಣ್ಣು ಮುಚ್ಚಿದರೆ ನೀರಿನ ಸದ್ದು ಕೇಳುತ್ತದೆ, ಕಿವುಡಿಗೆ ಅದೊಂದು ಮಾತ್ರ ಕೇಳುತ್ತದೆ.

ಮೇ 10ಕ್ಕೆ ನಾನು ಬರಲಾ? ಬಂದರೆ ಹಿಂದೆ ಮೂಲೆಯಲ್ಲಿ ಕೂರುತ್ತೇನೆ, ಮುಟ್ಟುವುದಿಲ್ಲ. ಬೇಡ ಅಂದರೆ ಬರುವುದಿಲ್ಲ. ಕೇಳುತ್ತಿದ್ದೇನೆ.

ನಿನ್ನ
ದೊಡ್ಡಮ್ಮ

ಏಪ್ರಿಲ್ 30

ದೊಡ್ಡಮ್ಮಾ,

ಕೋಟು ಬಂತು. ಕೈ ಹಾಕಿ ನೋಡಿದೆ, ಎಲ್ಲ ಕಡೆ. ಏನೂ ಇಲ್ಲ.

10ಕ್ಕೆ ಬರಬೇಡ. ನೀನಿದ್ದರೆ ನಾನು ನಿನ್ನ ಮುಖವನ್ನೇ ನೋಡುತ್ತೇನೆ, ಮಾತು ಮರೆಯುತ್ತದೆ. ಕೇಳಿದ್ದಕ್ಕೆ ಸಂತೋಷವಾಯಿತು. ಉಗುರಿಗೆ ಔಷಧಿ ಹಚ್ಚಿಕೊ.

ಗುಂಡುಸೂಜಿ

ಮೇ 12

ದೊಡ್ಡಮ್ಮಾ,

ಚೆನ್ನಾಗಿದ್ದೇನೆ. ನಿಜವಾಗಿ. ಆದರೆ ಬಿದ್ದೆ. ಎದ್ದು ಅಂಚೆ ಕಚೇರಿಗೆ ಓಡಬೇಡ, ಪೂರ್ತಿ ಓದು.

ಮೊನ್ನೆ ಬೆಳಿಗ್ಗೆ ಮತ್ತೆ ಮೆಟ್ಟಿಲ ಬುಡದಲ್ಲೇ ಕೂತೆವು. ನರ್ಸ್ ರಜೆ ಹಾಕಿ ಬಂದಿದ್ದಳು. ಕಾರ್ಯದರ್ಶಿ ಮತ್ತೆ ಬಂದ, ಕ್ಯಾಮೆರಾ ಸಮೇತ. ಪಕ್ಷ ಬಿಟ್ಟವಳ ಮೇಲೂ ಅವನಿಗೆ ಎಷ್ಟು ಪ್ರೀತಿ ನೋಡು. ಬಂದವನೇ ಕಾಲರಿನ ಕೆಳಗೆ ಕೈ ಹಾಕಿದ. ಆ ಕಡೆ ತಡಕಿದ, ಈ ಕಡೆ ತಡಕಿದ. ಜೇಬಿನ ಪರ್ಸು ಕಳೆದುಕೊಂಡವನ ಹಾಗೆ ಅವನ ಮುಖ ನೋಡಬೇಕಿತ್ತು. ಕೊನೆಗೆ ಮೆಲ್ಲಗೆ, ‘ಎಲ್ಲಿ ಹಿಡಿಯೋದು?’ ಅಂದ. ಇಷ್ಟು ತಿಂಗಳಲ್ಲಿ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ‘ಹಿಡಿಯೋದು ಬೇಡ, ಪಕ್ಕಕ್ಕೆ ನಿಲ್ಲು’ ಅಂದೆ. ಅರ್ಥವಾಯಿತು ಅವನಿಗೆ. ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

ಅಧ್ಯಕ್ಷೆ ಇಳಿದು ಬಂದರು. ಹಿಂದೆ ಕೆಲವರು. ಉಳಿದವರು ಮೇಲಿನ ಕಂಬಿಗೆ ಒರಗಿ ಬಗ್ಗಿ ನೋಡುತ್ತಿದ್ದರು. ಮೀಸೆಯವರು ಅರ್ಧ ಮೆಟ್ಟಿಲಲ್ಲಿ ನಿಂತರು, ಬರಬೇಕೋ ಬೇಡವೋ ಅನ್ನುವ ಹಾಗೆ. ನಾನು ಶುರುಮಾಡಿದೆ. ಅರ್ಥವಾಗದಿದ್ದಾಗ ವಕೀಲಮ್ಮ ‘ಇನ್ನೊಂದ್ಸಲ ಹೇಳ್ತಾಳೆ, ಕೇಳಿ’ ಅನ್ನುತ್ತಿದ್ದರು, ಅಷ್ಟೇ. ತಾವು ಹೇಳಲಿಲ್ಲ. ನಾನು ಇನ್ನೊಂದು ಸಲ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರು.

ಮುಂದಕ್ಕೆ ಬಾಗಬೇಡ ಅಂದಿದ್ದೆಯಲ್ಲ, ಬಾಗಿದೆ. ಮೈ ಸೆಟೆದುಕೊಂಡಿತು, ಕುರ್ಚಿಯಿಂದ ಜಾರಿ ನೆಲಕ್ಕೆ ಬಂದೆ. ಎಲ್ಲರೂ ಹೋ ಅಂತ ನುಗ್ಗಿದರು. ಅಷ್ಟೂ ಕೈಗಳು ನನ್ನ ಹೆಗಲ ಹತ್ತಿರ ಬಂದು ಸುಮ್ಮನೆ ನಿಂತವು, ಹಿಡಿಯಲು ಏನೂ ಇರಲಿಲ್ಲ. ನೆಲದ ಮೇಲೆ ಕೂತೇ ‘ಮಾತು ಮುಗೀಲಿ, ಆಮೇಲೆ ಎತ್ತಿ’ ಅಂದೆ. ಮುಗಿಸಿದೆ ದೊಡ್ಡಮ್ಮಾ. ಕಲ್ಲು ಥಂಡಿಯಾಗಿತ್ತು, ನಿನ್ನ ಲೈನಿಂಗ್ ಉಪಯೋಗಕ್ಕೆ ಬಂತು.

ಆಮೇಲೆ ಎತ್ತಲು ಹತ್ತಿರದಲ್ಲಿ ಇದ್ದವರು ನರ್ಸ್ ಮತ್ತು ಮೀಸೆಯವರು. ಎತ್ತೋಕೆ ಜನ ಇದ್ದಾರಲ್ಲ ಅಂದಿದ್ದರಲ್ಲ, ಅವರೇ. ಕಂಕುಳ ಕೆಳಗೆ ಕೈ ಹಾಕಿ, ಎದೆಗೆ ಒರಗಿಸಿಕೊಳ್ಳಿ, ಎಳೀಬೇಡಿ ಅಂತ ಒಂದೊಂದಾಗಿ ಹೇಳಿದೆ, ಅವರು ಒಂದೊಂದಾಗಿ ಮಾಡಿದರು. ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಕುರ್ಚಿಯಲ್ಲಿ ಕೂರಿಸಿದ ಮೇಲೆ ಮೀಸೆಯವರು ಬೆವರು ಒರೆಸಿಕೊಂಡು ಮೆಟ್ಟಿಲ ಕಡೆ ಒಮ್ಮೆ ನೋಡಿದರು.

ಓಟು ಮುಂದಿನ ತಿಂಗಳು. ಅವರು ಯಾವ ಕಡೆಗೆ ಕೈ ಎತ್ತುತ್ತಾರೋ ಗೊತ್ತಿಲ್ಲ. ಮೊಣಕೈ ತರಚಿದೆ, ಮುಚ್ಚಿಡುವುದಿಲ್ಲ, ನೋಡು, ಬರೆದಿದ್ದೇನೆ.

ಈಗ ಬಾ. ಟೇಪು, ಕತ್ತರಿ ತಗೊಂಡು ಬಾ. ಬಚ್ಚಲಿಗೆ ಹಾಕಿಕೊಳ್ಳುವ ನನ್ನ ಅಂಗಿ ಹಳೆಯದಾಗಿದೆ, ಅದರ ಹಿಡಿಕೆ ಸಡಿಲವಾಗಿದೆ. ಹೊಸದು ಹೊಲಿಯಬೇಕು. ನರ್ಸಿಗೆ ಎಲ್ಲಿ ಹಿಡಿಯಬೇಕು ಅಂತ ನಾನು ತೋರಿಸುತ್ತೇನೆ, ಅಲ್ಲಿ ಹಾಕು. ಒಳಗೆ ಬೇಡ, ಹೊರಗೆ ಹಾಕು. ಕೆಂಪು ಪಟ್ಟಿ ಇದ್ದರೆ ತಗೊಂಡು ಬಾ.

ನಿನ್ನ
ಗುಂಡುಸೂಜಿ